ಮೂರೂ ಸೇರಿ ತಿಂಗಳಿಗೆ ಇಷ್ಟೇ ಎಂದು ಬರೆದವಳು

ಇಂಟರ್ನೆಟ್ ಕಂಪನಿಯಲ್ಲಿ ಕನ್ನಡ ಬರೆಯುವುದೂ ಒಂದು ಉದ್ಯೋಗ ಎಂದರೆ ದಾವಣಗೆರೆಯ ನಮ್ಮ ನೆಂಟರು ಈಗಲೂ ನಂಬುವುದಿಲ್ಲ. ಗೇಟಿಗೆ ಸಿಕ್ಕಿಸಿ ಹೋಗುವ ಕರಪತ್ರ, ಬಸ್ಸಿನ ಹಿಂಬದಿಯ ಜಾಹೀರಾತು, ಬಿಲ್ಲಿನ ಕೆಳಗಿನ ಸೂಚನೆ, ಫೋನಿಗೆ ಬರುವ ಮೆಸೇಜು, ಇವುಗಳ ಕನ್ನಡವನ್ನು ಯಾರೋ ಒಬ್ಬರು ಕೂತು ಬರೆಯಲೇಬೇಕಲ್ಲ. ನಮ್ಮ ಕಂಪನಿಯಲ್ಲಿ ಆ ಒಬ್ಬರು ನಾನಾಗಿದ್ದೆ. ಕಳೆದ ವರ್ಷ ನಿವೃತ್ತಳಾದೆ. ನನ್ನ ಜಾಗಕ್ಕೆ ಬಂದ ಹುಡುಗಿ ಮೊನ್ನೆ ಫೋನ್ ಮಾಡಿ, ಈ ಕೆಲಸದಲ್ಲಿ ಕಷ್ಟವಾದದ್ದು ಯಾವುದು ಮೇಡಂ ಎಂದು ಕೇಳಿದಳು. ಅನುವಾದ ಎನ್ನುತ್ತೇನೆಂದು ಕಾದಿದ್ದಳೇನೋ. ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನಿದ್ದದ್ದು ಪೀಣ್ಯದ ಒಂದು ಪ್ರೆಸ್ಸಿನಲ್ಲಿ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ. ಒಂದು ದಿನ ಇಂಟರ್ನೆಟ್ ಕಂಪನಿಯ ಕರಪತ್ರ ಅಚ್ಚಿಗೆ ಬಂತು. ಅದರಲ್ಲಿ ‘ನಿಮಗೆ ಸ್ವತಂತ್ರ ಮೋಡೆಮ್’ ಎಂದಿತ್ತು. ಇಂಗ್ಲಿಷಿನ ‘ಫ್ರೀ’ಗೆ ಯಾರೋ ಮಾಡಿದ ಅನುವಾದ. ನಾನು ಯಾರನ್ನೂ ಕೇಳದೆ ‘ಉಚಿತ ಮೋಡೆಮ್’ ಎಂದು ತಿದ್ದಿ ಅಚ್ಚಿಗೆ ಕಳಿಸಿಬಿಟ್ಟೆ. ಗಿರಾಕಿ ಕೊಟ್ಟದ್ದನ್ನು ತಿದ್ದಿದ್ದು ತಪ್ಪು ಎಂದು ಮಾಲೀಕರು ಕೂಗಾಡಿದರು. ಮರುದಿನ ಕಂಪನಿಯ ಜಾಹೀರಾತು ವಿಭಾಗದ ಮುಖ್ಯಸ್ಥರೇ ಪ್ರೆಸ್ಸಿಗೆ ಬಂದರು. ಹೆಸರು ರವೀಂದ್ರ, ಬೆಳ್ಳಗೆ ತೆಳ್ಳಗಿನ ಮನುಷ್ಯ. ಇದನ್ನು ಬದಲಾಯಿಸಿದವರು ಯಾರು ಎಂದು ಕೇಳಿದರು. ಕೆಲಸ ಹೋಯಿತು ಎಂದುಕೊಂಡು ಎದ್ದು ನಿಂತೆ. ಅವರು ನಕ್ಕು, ನಮ್ಮಲ್ಲಿಗೆ ಬರ್ತೀರಾ ಎಂದರು. ಹಾಗೆ ನಾನು ಬಾಗಲಗುಂಟೆಯ ಪಕ್ಕದ ಬಾಡಿಗೆ ಮನೆಯಿಂದ ದಿನಾ ಎರಡು ಬಸ್ಸು ಬದಲಿಸಿ ವೈಟ್‌ಫೀಲ್ಡಿಗೆ ಹೋಗುವವಳಾದೆ. ಮಂಗಳವಾರ, ಶುಕ್ರವಾರ ಮಾತ್ರ ಅಚ್ಚಿನ ಕೆಲಸ ನೋಡಿಕೊಳ್ಳಲು ನಮ್ಮ ಪೀಣ್ಯ ಶಾಖೆಯಲ್ಲಿರುತ್ತಿದ್ದೆ.

ಈ ಕೆಲಸದಲ್ಲಿ ದೊಡ್ಡ ಪದಗಳು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಕಾಡುವುದು ಚಿಕ್ಕವು. ‘ಮಾತ್ರ’, ‘ಇಂದ’, ‘ವರೆಗೆ’. ಬೆಳ್ಳಂದೂರಿನ ಅಪಾರ್ಟ್‌ಮೆಂಟಿನಲ್ಲಿದ್ದ ಒಬ್ಬ ನಿವೃತ್ತ ಶಿಕ್ಷಕಿ, ಧಾರವಾಡದ ಕಡೆಯವರು, ನಮ್ಮ ಕರಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅಂಚೆಯಲ್ಲಿ ವಾಪಸು ಕಳಿಸಿದ್ದರು. ಎರಡು ಕಾಗುಣಿತ ದೋಷ ಹಿಡಿದಿದ್ದರು. ‘ನೂರು ಎಂಬಿಪಿಎಸ್ ವರೆಗೆ ವೇಗ’ ಎಂಬಲ್ಲಿ ‘ವರೆಗೆ’ಗೆ ಸುತ್ತುಹಾಕಿ, ಪಕ್ಕದಲ್ಲಿ ‘ಎಲ್ಲಿಂದ?’ ಎಂದು ಬರೆದಿದ್ದರು. ಕಾಗುಣಿತ ತಿದ್ದಿಕೊಂಡೆ. ಆ ಪ್ರಶ್ನೆಯನ್ನು ರವೀಂದ್ರ ಸರ್‌ಗೆ ತೋರಿಸಿ ಇಬ್ಬರೂ ನಕ್ಕೆವು. ನೂರು ಎಂದರೆ ನೂರೇ ಬರಬೇಕೆಂದೇನಿಲ್ಲ, ಹತ್ತು ಬಂದರೂ ಅದು ನೂರರ ವರೆಗೇ. ನಕ್ಕದ್ದು ಈಗ ನೆನೆದರೆ ಚೆನ್ನಾಗಿ ಕಾಣುವುದಿಲ್ಲ.

ಆಮೇಲೆ ಬಂದದ್ದು ಮೂರೂ ಸೇರಿದ ಯೋಜನೆ. ಇಂಟರ್ನೆಟ್, ಟಿವಿ, ಫೋನು ಒಂದೇ ತಂತಿಯಲ್ಲಿ, ಒಂದೇ ಬಿಲ್ಲಿನಲ್ಲಿ. ಪೀಣ್ಯ, ದಾಸರಹಳ್ಳಿ, ಬಾಗಲಗುಂಟೆ ಕಡೆ ಕಾರ್ಖಾನೆಗಳಲ್ಲಿ ದುಡಿಯುವ ಕುಟುಂಬಗಳಿಗೆ ಅದನ್ನು ಮಾರಬೇಕಿತ್ತು. ‘ಮೂರೂ ಸೇರಿ ತಿಂಗಳಿಗೆ ₹399 ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆದೆ. ಕೊನೆಗೊಂದು ನಕ್ಷತ್ರ ಚಿಹ್ನೆ. ಆ ನಕ್ಷತ್ರಕ್ಕೆ ಹೊಂದಿದ ಸಾಲು ಕರಪತ್ರದ ತಳದಲ್ಲಿ. ಅದರಲ್ಲಿ ಇದ್ದದ್ದಿಷ್ಟು: ಈ ದರ ಮೊದಲ ಮೂರು ತಿಂಗಳಿಗೆ, ಆಮೇಲೆ ಮಾಮೂಲಿ ದರ, ತೆರಿಗೆ ಮತ್ತು ಟಿವಿ ಬಾಕ್ಸಿನ ಬಾಡಿಗೆ ಬೇರೆ, ವರ್ಷ ತುಂಬುವ ಮುಂಚೆ ಬಿಟ್ಟರೆ ದಂಡ, ಬಳಕೆ ಮಿತಿ ದಾಟಿದರೆ ವೇಗ ಇಳಿಯುತ್ತದೆ.

ನಾನು ಮೊದಲು ಆ ಸಾಲನ್ನು ಓದುವ ಹಾಗೇ ಜೋಡಿಸಿದ್ದೆ. ರವೀಂದ್ರ ಸರ್ ಚಿಕ್ಕದು ಮಾಡಿ ಎಂದರು. ಅಕ್ಷರದ ಅಳತೆಯನ್ನು ಆರು ಪಾಯಿಂಟಿಗೆ ಇಳಿಸಿದೆ. ಆದರೂ ಕಪ್ಪಕ್ಷರ ಕಣ್ಣಿಗೆ ಹೊಡೆಯುತ್ತಿತ್ತು. ಆಗ ಅದನ್ನು ತಿಳಿ ಬೂದು ಬಣ್ಣಕ್ಕೆ ತಿರುಗಿಸಿದ್ದು ನಾನೇ. ಅವರು ಹೇಳಿರಲಿಲ್ಲ, ನನಗೇ ಹೊಳೆದದ್ದು. ಪ್ರೆಸ್ಸಿನಲ್ಲಿ ಕಲಿತ ವಿದ್ಯೆ. ಅವರು ಭೇಷ್ ಎಂದರು. ಸಂಜೆ ಮನೆಗೆ ಬಂದು ಯಜಮಾನರಿಗೆ ಅದನ್ನು ಹೆಮ್ಮೆಯಿಂದ ಹೇಳಿಕೊಂಡೆ. ಅವರೂ ಹೌದಾ ಎಂದು ಖುಷಿಪಟ್ಟರು. ಕೆಟ್ಟದ್ದು ಮಾಡುತ್ತಿದ್ದೇವೆ ಎನ್ನುವ ಭಾವನೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಯೋಜನೆ ಶುರುವಾದ ಮೊದಲ ಭಾನುವಾರ ಬಾಗಲಗುಂಟೆಯ ತರಕಾರಿ ಅಂಗಡಿಗಳ ಎದುರು ಒಂದು ಛತ್ರಿ ಹಾಕಿ ಮೇಜು ಇಟ್ಟರು. ಕನ್ನಡದಲ್ಲಿ ವಿವರಿಸುವವರು ಕಡಿಮೆಯಿದ್ದುದರಿಂದ ನನ್ನನ್ನೂ ಕೂರಿಸಿದರು. ಜೊತೆಗೆ ತಂತಿ ಎಳೆಯುವ ಇಮ್ತಿಯಾಜ್. ಪೀಣ್ಯ ಶಾಖೆಯಲ್ಲಿ ಅವನಷ್ಟು ಮನೆ ನೋಡಿದವರಿಲ್ಲ. ‘ನೀವು ಬರೀತೀರಿ ಮೇಡಂ, ಬಾಗಿಲಲ್ಲಿ ನಿಂತು ಬೈಸ್ಕೊಳ್ಳೋದು ನಾನು’ ಎಂದು ಆಗಾಗ ಹೇಳುತ್ತಿದ್ದ. ತಮಾಷೆಗೆ ಹೇಳುತ್ತಾನೆ ಎಂದುಕೊಂಡಿದ್ದೆ.

ಅವತ್ತು ಒಬ್ಬ ಹೆಂಗಸು ಕೊತ್ತಂಬರಿ ಕಟ್ಟು ಹಿಡಿದುಕೊಂಡೇ ಮೇಜಿನ ಬಳಿ ಬಂದರು. ಹೆಸರು ಹೊನ್ನಮ್ಮ. ತುಮಕೂರು ಕಡೆಯವರು, ಗಂಡ ತೀರಿಕೊಂಡಿದ್ದರು, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಮಗಳು ಸವಿತಾಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವಳು ಕಂಪ್ಯೂಟರಿನಲ್ಲಿ ಯಂತ್ರದ ಭಾಗಗಳ ನಕ್ಷೆ ಬಿಡಿಸುವುದನ್ನು ಕಲಿಯುತ್ತಿದ್ದಳು. ಪಾಠ ನಡೆಯುವುದು ವಿಡಿಯೋದಲ್ಲಿ, ಕೈಸನ್ನೆಯ ಭಾಷೆಯಲ್ಲಿ. ಆರು ತಿಂಗಳ ಕೋರ್ಸು, ಕೊನೆಯಲ್ಲಿ ಪರೀಕ್ಷೆ. ಪಾಸಾದರೆ ಪೀಣ್ಯದ ಒಂದು ಕಾರ್ಖಾನೆಯವರು ಕೆಲಸ ಕೊಡುತ್ತೇವೆ ಎಂದಿದ್ದರು. ಮೊಬೈಲಿನಲ್ಲಿ ಪಾಠ ಸಾಲುತ್ತಿಲ್ಲ ಎಂದು ಇದನ್ನೆಲ್ಲ ಹೊನ್ನಮ್ಮ ಒಂದೇ ಉಸಿರಿನಲ್ಲಿ ಹೇಳಿ, ಎಲ್ಲ ಸೇರಿ ತಿಂಗಳಿಗೆ ಇಷ್ಟೇನಾ ಎಂದು ನನ್ನನ್ನು ಕೇಳಿದರು.

ನಾನು ಹೌದು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ದಪ್ಪಕ್ಷರದ ಮೇಲೆ ಬೆರಳಿಟ್ಟು, ‘ಬರೆದಿದೆಯಲ್ಲಮ್ಮ’ ಎಂದೆ.

ಹೊನ್ನಮ್ಮ ಸಹಿ ಹಾಕಿದರು. ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡರು. ನನಗೆ ಅವರು ಮರೆತೇಹೋದರು.

ಐದನೆಯ ತಿಂಗಳಲ್ಲಿ, ಒಂದು ಶುಕ್ರವಾರ ಸಂಜೆ, ಪೀಣ್ಯ ಶಾಖೆಯ ಕೌಂಟರಿನ ಮುಂದೆ ಯಾರೋ ನಿಧಾನಕ್ಕೆ ಮಾತಾಡುತ್ತಿರುವುದು ಕೇಳಿಸಿತು. ಕೂಗಾಡುವವರ ನಡುವೆ ಮೆಲ್ಲಗೆ ಮಾತಾಡುವವರು ಬೇಗ ಗಮನಕ್ಕೆ ಬರುತ್ತಾರೆ. ಹೊನ್ನಮ್ಮ. ಕೆಲಸ ಮುಗಿಸಿ ನೇರ ಬಂದಿದ್ದರು, ಸೀರೆಯ ಮೇಲೆ ದಾರದ ತುಣುಕುಗಳು ಅಂಟಿಕೊಂಡೇ ಇದ್ದವು. ನಾಲ್ಕನೆಯ ತಿಂಗಳ ಬಿಲ್ಲು ಎರಡು ಪಟ್ಟಿಗಿಂತ ಹೆಚ್ಚು ಬಂದಿತ್ತು. ಏನೋ ತಪ್ಪಾಗಿದೆ, ಸರಿಮಾಡುತ್ತಾರೆ ಎಂದು ಕಾದರಂತೆ. ಸರಿಯಾಗಲಿಲ್ಲ, ಸಂಪರ್ಕ ಕಡಿದರು. ಬಿಡುತ್ತೇನೆ ಎಂದರೆ ದಂಡ ಕಟ್ಟಿ ಎಂದರು. ಸವಿತಾಳ ಪರೀಕ್ಷೆಗೆ ಮೂರು ವಾರ ಉಳಿದಿತ್ತು.

ಕೌಂಟರಿನ ಹುಡುಗಿ ನನ್ನನ್ನು ಕರೆದಳು. ಹೊನ್ನಮ್ಮ ನನ್ನ ಗುರುತು ಹಿಡಿದರು. ಅವರ ಮುಖದಲ್ಲಿ ಕೋಪ ಬರಲಿಲ್ಲ, ಪರಿಚಯದವರು ಸಿಕ್ಕರಲ್ಲ ಎಂಬ ಸಮಾಧಾನ ಬಂತು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಊಟದ ಡಬ್ಬಿಯ ಚೀಲದಿಂದ ಅದೇ ಕರಪತ್ರ ತೆಗೆದು ಬಿಡಿಸಿ, ಇದರಲ್ಲಿ ಎಲ್ಲಿ ಬರೆದಿದೆ ತೋರಿಸಕ್ಕ ಎಂದರು. ನಾನು ತಳದ ಸಾಲು ತೋರಿಸಿದೆ. ಓದಿ ಎಂದರು. ಓದಿದೆ. ಮಡಿಕೆ ಬಿದ್ದ ಕಡೆ ಬೂದು ಅಕ್ಷರ ಸವೆದುಹೋಗಿತ್ತು. ಆದರೂ ತಡವರಿಸಲಿಲ್ಲ, ಏಕೆಂದರೆ ನನಗದು ಬಾಯಿಪಾಠವಾಗಿತ್ತು.

ಕೇಳಿಸಿಕೊಂಡು ಅವರು ಹೇಳಿದರು:

‘ನಂಗೆ ಓದಾಕ್ ಬತ್ತದೆ ಕಣಕ್ಕ, ಏಳ್ನೇ ಕ್ಲಾಸ್‌ಗಂಟ ಓದಿವ್ನಿ. ಆದ್ರೆ ಇಷ್ಟ್ ಸಣ್ಣಕ್ಕೆ ಬರ್ದಿರಾದು ನಮ್ಗಲ್ಲ, ನಿಮ್ಮ ಆಪೀಸ್ನೋರು ನೋಡ್ಕಳಾಕೆ ಅಂದ್ಕಂಡಿದ್ದೆ.’

ಅದನ್ನು ಬರೆದದ್ದು ನಾನೇ ಎಂದು ಆಗ ಹೇಳಬೇಕಿತ್ತು. ಸೋಮವಾರದೊಳಗೆ ಏನಾದರೂ ಮಾಡುತ್ತೇನೆ ಎಂದು ಮಾತ್ರ ಹೇಳಿ ಕಳಿಸಿದೆ.

ಶನಿವಾರ ಮನೆಯಲ್ಲಿ ಕೂತು ಹೊನ್ನಮ್ಮನ ಪರವಾಗಿ ಒಂದು ದೂರಿನ ಪತ್ರ ಬರೆದೆ. ಅದರ ಕೆಳಗೆ ನನ್ನದೇ ಹೇಳಿಕೆಯನ್ನೂ ಸೇರಿಸಿದೆ: ಈ ಗ್ರಾಹಕರು ದರದ ಬಗ್ಗೆ ನೇರವಾಗಿ ಕೇಳಿದಾಗ ನಾನು ಪೂರ್ತಿ ವಿಷಯ ತಿಳಿಸಲಿಲ್ಲ. ಯಜಮಾನರು ಓದಿ ನೋಡಿ, ಮಗನ ಕಾಲೇಜು ಇನ್ನೂ ಎರಡು ವರ್ಷ ಇದೆಯಲ್ಲ ಗಿರಿಜಾ ಎಂದರು. ಬೇಡ ಎನ್ನಲಿಲ್ಲ. ಕವರು ತಂದುಕೊಟ್ಟದ್ದೂ ಅವರೇ.

ಸೋಮವಾರ ವೈಟ್‌ಫೀಲ್ಡಿನಲ್ಲಿ ರವೀಂದ್ರ ಸರ್ ಮುಂದೆ ಪತ್ರ ಇಟ್ಟೆ. ಎರಡು ಸಲ ಓದಿದರು. ಬೇರೆ ಕಂಪನಿಗಳ ಕರಪತ್ರಗಳನ್ನು ತೋರಿಸಿ, ಎಲ್ಲರೂ ಹೀಗೇ ಮಾಡುವುದು, ಪೂರ್ತಿ ದರ ಹಾಕಿದರೆ ನಮ್ಮನ್ನು ಯಾರು ಕರೆಯುತ್ತಾರೆ ಎಂದರು. ಅದು ಸುಳ್ಳೂ ಅಲ್ಲ. ಕೊನೆಗೆ ಹೇಳಿದರು:

‘ಮುಚ್ಚಿಟ್ಟಿಲ್ಲವಲ್ಲ ಗಿರಿಜಾ. ನಕ್ಷತ್ರ ಹಾಕಿದ್ದೀವಿ, ಕೆಳಗೆ ಬರ್ದಿದ್ದೀವಿ.’

‘ಬರ್ದಿದ್ದು ನಾನು ಸರ್’ ಎಂದೆ. ‘ಯಾರೂ ಓದಬಾರದು ಅಂತಲೇ ಬರ್ದಿದ್ದು.’

ಅವರು ಮೇಜಿನ ಮೇಲಿದ್ದ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಳ್ಳಲಿಲ್ಲ. ಪತ್ರ ಇಲ್ಲೇ ಇರಲಿ, ನೀವು ಸ್ವಲ್ಪ ದಿನ ಪೀಣ್ಯದಿಂದಲೇ ಕೆಲಸ ಮಾಡಿ ಎಂದರು. ಶಿಕ್ಷೆ ಎಂದುಕೊಂಡೆ. ಬಸ್ಸಿನಲ್ಲಿ ಮಾರತ್‌ಹಳ್ಳಿ ದಾಟುವವರೆಗೂ ಕಣ್ಣೀರು ಒರೆಸಿಕೊಳ್ಳುತ್ತಿದ್ದೆ.

ಪೀಣ್ಯದಲ್ಲಿ ನಡೆದದ್ದನ್ನು ಇಮ್ತಿಯಾಜ್‌ಗೆ ಹೇಳಿದೆ. ಶಾಖೆಯ ಹಿಂದಿನ ಕೋಣೆಯಲ್ಲಿ ಮೋಡೆಮ್‌ಗಳನ್ನು ಪರೀಕ್ಷಿಸುವ ಮೇಜು ಇತ್ತು, ಅಲ್ಲಿಗೊಂದು ಪ್ರತ್ಯೇಕ ಲೈನು. ಮಧ್ಯಾಹ್ನ ಅದು ಖಾಲಿಯೇ ಇರುತ್ತದೆ, ಆ ಹುಡುಗಿ ಇಲ್ಲೇ ಬಂದು ಕೂರಲಿ ಎಂದ. ಶಾಖೆಯ ಮ್ಯಾನೇಜರ್ ತಲೆಯಾಡಿಸಿದರು. ಮರುದಿನ ಮೂರು ಗಂಟೆಗೆ ಸವಿತಾ ಬಂದಳು. ಇಪ್ಪತ್ತು ವರ್ಷದ ಹುಡುಗಿ, ಬಿಗಿಯಾಗಿ ಹೆಣೆದ ಜಡೆ, ಎದೆಗೆ ಅವಚಿಕೊಂಡ ಹಳೆಯ ಲ್ಯಾಪ್‌ಟಾಪು. ಮೇಜು, ಕುರ್ಚಿ, ತಂತಿ ಎಲ್ಲವನ್ನೂ ಅನುಮಾನದಿಂದ ನೋಡಿದಳು, ನನ್ನನ್ನೂ.

ಹನ್ನೊಂದು ದಿನ ಅವಳು ಬಂದಳು. ನಾನು ನನ್ನ ಕೆಲಸ ಹಿಡಿದುಕೊಂಡು ಪಕ್ಕದಲ್ಲೇ ಕೂರುತ್ತಿದ್ದೆ. ಪರದೆಯ ಮೇಲೆ ಅವಳ ಗುರು ಕೈಗಳಲ್ಲಿ ಪಾಠ ಹೇಳುತ್ತಿದ್ದರು. ಮೂರನೆಯ ದಿನವೋ ನಾಲ್ಕನೆಯ ದಿನವೋ ಆ ಲೈನೂ ಒಂದು ಗಳಿಗೆ ಕೈಕೊಟ್ಟಿತು. ಗುರುಗಳ ಎರಡೂ ಕೈಗಳು ಗಾಳಿಯಲ್ಲಿ ನಿಂತುಬಿಟ್ಟವು, ಅರ್ಧ ಮಾತಿನಲ್ಲಿ. ನಮಗಾದರೆ ಚಿತ್ರ ನಿಂತರೂ ಧ್ವನಿ ಹೇಗೋ ತುಂಡುತುಂಡಾಗಿ ಬರುತ್ತದೆ, ಉಳಿದದ್ದನ್ನು ಊಹಿಸಿಕೊಳ್ಳುತ್ತೇವೆ. ಅವಳಿಗೆ ಏನೂ ಇಲ್ಲ. ಕಣ್ಣು ಕೀಳದೆ ಆ ನಿಂತ ಕೈಗಳನ್ನೇ ನೋಡುತ್ತಾ ಕೂತಿದ್ದಳು. ಮನೆಯಲ್ಲೂ ಹೀಗಾಗುತ್ತಿತ್ತಾ ಎಂದು ಚೀಟಿಯಲ್ಲಿ ಬರೆದು ಕೇಳಿದೆ. ತಿಂಗಳ ಕೊನೆಯ ವಾರದಲ್ಲಿ ದಿನಾ ಎಂದು ಬರೆದಳು. ಮಿತಿ ದಾಟಿ ವೇಗ ಇಳಿಯುವ ವಾರ ಅದು. ಬೆಳ್ಳಂದೂರಿನ ಮೇಷ್ಟ್ರಮ್ಮ ಕೆಂಪು ಶಾಯಿಯಲ್ಲಿ ‘ಎಲ್ಲಿಂದ?’ ಎಂದು ಕೇಳಿದ್ದಕ್ಕೆ ನಾವು ಕೊಡದ ಉತ್ತರ ಅವತ್ತು ನನ್ನ ಎದುರಿಗಿತ್ತು.

ನಿಧಾನಕ್ಕೆ ಅವಳು ನನಗೆ ಕೆಲವು ಸನ್ನೆಗಳನ್ನು ಕಲಿಸಿದಳು. ಚಹಾ, ಊಟ, ನಾಳೆ, ಸಾಕು. ನನ್ನ ಕೈ ಒರಟು. ತಪ್ಪು ಮಾಡಿದಾಗಲೆಲ್ಲ ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಇಮ್ತಿಯಾಜ್ ನನಗಿಂತ ಬೇಗ ಕಲಿತ. ಹಿಂದಿನ ಕೋಣೆಗೆ ಬಂದಾಗಲೆಲ್ಲ ಚಹಾ ಎಂದು ಕೈಯಲ್ಲೇ ಕೇಳುತ್ತಿದ್ದ.

ಹನ್ನೆರಡನೆಯ ದಿನ ಆದೇಶ ಬಂತು. ಆ ಭಾನುವಾರದ ಮೇಜಿನಲ್ಲಿ ಸಹಿ ಹಾಕಿದ ಎಲ್ಲರಿಗೂ ವರ್ಷ ಪೂರ್ತಿ ಕರಪತ್ರದಲ್ಲಿದ್ದ ದರವೇ, ಬಿಡುವವರಿಗೆ ದಂಡವಿಲ್ಲ. ಹೊನ್ನಮ್ಮನ ಮನೆಯ ಸಂಪರ್ಕವನ್ನೂ ಅವತ್ತೇ ಮತ್ತೆ ಕೊಟ್ಟರು. ನನ್ನ ಪತ್ರವನ್ನು ರವೀಂದ್ರ ಸರ್ ದೂರು ವಿಭಾಗಕ್ಕೆ ಕಳಿಸುವಾಗ ತಮ್ಮ ಸಹಿಯನ್ನೂ ಹಾಕಿದ್ದರು. ಕರಪತ್ರಕ್ಕೆ ಒಪ್ಪಿಗೆ ಕೊಟ್ಟವನು ನಾನು, ಜವಾಬ್ದಾರಿ ನನ್ನದು ಎಂದು ಒಂದು ವಾಕ್ಯ ಸೇರಿಸಿದ್ದರಂತೆ. ಆ ವರ್ಷ ಅವರಿಗೆ ಬಡ್ತಿ, ಬೋನಸ್ಸು ಏನೇನು ತಪ್ಪಿತು ಎನ್ನುವುದನ್ನು ಅವರು ನನಗೆ ಹೇಳಲಿಲ್ಲ, ಬೇರೆಯವರು ಹೇಳಿದರು. ಪೀಣ್ಯಕ್ಕೆ ಕಳಿಸಿದ್ದು ಶಿಕ್ಷೆಯಲ್ಲ, ಮೇಲಿನವರ ಕಣ್ಣಿಗೆ ನಾನು ಸ್ವಲ್ಪ ದಿನ ಬೀಳದಿರಲಿ ಎಂದು ಕಳಿಸಿದ್ದು ಎಂಬುದೂ ಆಮೇಲೆ ತಿಳಿಯಿತು.

ಹಾಗೆಂದು ಕಂಪನಿ ಬದಲಾಯಿತು ಎಂದುಕೊಳ್ಳಬೇಡಿ. ಬೇರೆ ಬಡಾವಣೆಗಳಲ್ಲಿ ಅದೇ ಕರಪತ್ರ ಇನ್ನೂ ಎರಡು ತಿಂಗಳು ಹಂಚಿದರು. ಬಾಗಲಗುಂಟೆಗೆ ಮಾತ್ರ, ಪ್ರಯೋಗಕ್ಕೆ ಎಂದು, ತೆರಿಗೆ ಬಾಡಿಗೆ ಎಲ್ಲ ಸೇರಿದ ಮೊತ್ತವನ್ನೇ ದಪ್ಪಗೆ ಹಾಕಿದ ಒಂದು ಕರಪತ್ರ ಮಾಡಿಕೊಟ್ಟೆ. ಮೊದಲ ತಿಂಗಳು ಹೊಸ ಸಂಪರ್ಕ ಕಡಿಮೆಯಾಯಿತು. ಈಗ ಆ ಕಡೆ ಹೋದರೆ ನೀರು ಕೊಟ್ಟು ಕೂರಿಸ್ತಾರೆ ಮೇಡಂ ಎಂದು ಇಮ್ತಿಯಾಜ್ ಹೇಳಿದ. ಅದು ಯಾವ ವರದಿಯಲ್ಲೂ ಸೇರಲಿಲ್ಲ. ನನ್ನನ್ನು ಜಾಹೀರಾತಿನಿಂದ ತೆಗೆದು ಬಿಲ್ಲಿನ ಸೂಚನೆಗಳಿಗೆ ಹಾಕಿದರು, ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಈಗ ಕರಪತ್ರಗಳೇ ಕಡಿಮೆ. ಎಲ್ಲ ಮೊಬೈಲಿನಲ್ಲಿ. ನಕ್ಷತ್ರದ ಜಾಗದಲ್ಲಿ ‘ಹೆಚ್ಚಿನ ವಿವರಗಳಿಗೆ ಇಲ್ಲಿ ಒತ್ತಿ’ ಎಂದಿರುತ್ತದೆ. ಒತ್ತುವವರು ಎಷ್ಟು ಜನ ಎಂದು ನಿಮಗೂ ಗೊತ್ತು.

ನನ್ನ ಜಾಗಕ್ಕೆ ಬಂದ ಮಗಳೇ, ನಿನಗೆ ಇಷ್ಟು ಹೇಳಬಲ್ಲೆ. ಬರೆದದ್ದನ್ನು ಕೊಳ್ಳುವವರ ಎದುರು ಕೂತು ಒಂದು ಸಲ ಗಟ್ಟಿಯಾಗಿ ಓದು. ಯಾವ ಸಾಲಿಗೆ ಬಂದಾಗ ನಿನ್ನ ದನಿ ಇಳಿಯುತ್ತದೋ ಅದನ್ನು ಮತ್ತೆ ಬರೆ.

ಇನ್ನು ಹೊನ್ನಮ್ಮನ ಮನೆಗೆ ಹೋದದ್ದನ್ನು ಹೇಳಿ ಮುಗಿಸುತ್ತೇನೆ. ಸವಿತಾ ಪರೀಕ್ಷೆಯಲ್ಲಿ ಪಾಸಾದಳು, ಕೆಲಸವೂ ಸಿಕ್ಕಿತು. ಒಂದು ಭಾನುವಾರ ಊಟಕ್ಕೆ ಬರಲೇಬೇಕೆಂದು ಹೊನ್ನಮ್ಮ ಕರೆದರು. ಒಂದೇ ಕೋಣೆ, ಅದರ ತುದಿಯಲ್ಲಿ ಅಡುಗೆ. ಬಿಸಿ ಮುದ್ದೆ, ಹಿದುಕಿದ ಬೇಳೆ ಸಾರು. ಪುಣ್ಯ ಕಟ್ಟಿಕೊಂಡಿರಿ ಅಕ್ಕ ಎಂದು ಅವರು ಮತ್ತೆ ಮತ್ತೆ ಹೇಳಿದಾಗ ತಟ್ಟೆ ಪಕ್ಕಕ್ಕೆ ಸರಿಸಿ, ಆ ಸಣ್ಣ ಸಾಲು ಬರೆದದ್ದು ನಾನೇ, ಕಾಣದ ಹಾಗೆ ಬಣ್ಣ ತೆಳು ಮಾಡಿದ್ದೂ ನಾನೇ ಎಂದು ಹೇಳಿಬಿಟ್ಟೆ.

ಹೊನ್ನಮ್ಮ ನನ್ನನ್ನು ನೋಡಿದರು. ಆಮೇಲೆ ಸೌಟು ತೆಗೆದುಕೊಂಡು ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟರು.

‘ನಮ್ ಗಾರ್ಮೆಂಟ್ಸ್ ಲೈನ್ನಾಗೂ ಹೊಲ್ಗೆ ತಪ್ಪಿದ್ರೆ ಕಾಣ್ದಂಗೆ ಒಳೀಕ್ ಮಡಚು ಅಂತಾರೆ’ ಎಂದರು. ‘ನಾನೂ ಮಡಚಿವ್ನಿ ಕಣಕ್ಕ. ಆ ಅಂಗಿ ಯಾರ್ ಆಕ್ಕಂಡ್ರೋ, ಎಲ್ ಬಿಚ್ಚೋಯ್ತೋ, ಯಾರಿಗ್ ಗೊತ್ತು. ನಂಗಂತೂ ಅವ್ರ ಮನೆ ಗೊತ್ತಿಲ್ಲ. ನೀವು ಬಂದ್ರಲ್ಲ.’

ಎದುರಿಗೆ ಕೂತಿದ್ದ ಸವಿತಾ ನಮ್ಮಿಬ್ಬರ ಮುಖಗಳನ್ನು ನೋಡಿ ಏನೆಂದು ಕೈಯಲ್ಲಿ ಕೇಳಿದಳು. ಹೊನ್ನಮ್ಮ ನನ್ನ ಕಡೆ ನೋಡಿದರು. ಹೇಳಿ ಎಂದೆ. ಅವರು ಕೈಗಳಲ್ಲಿ ಎಲ್ಲವನ್ನೂ ಹೇಳಿದರು. ನಾನು ಬರೆದದ್ದನ್ನು, ಸಣ್ಣ ಮಾಡಿದ್ದನ್ನು. ಸವಿತಾಳ ಮುಖ ಗಂಭೀರವಾಯಿತು. ಪರದೆಯಲ್ಲಿ ನಿಂತ ಕೈಗಳನ್ನು ನೋಡುತ್ತಾ ದಿನ ಕಳೆದವಳು ಅವಳು. ಸಿಟ್ಟಾಗುವ ಹಕ್ಕು ತಾಯಿಗಿಂತ ಅವಳಿಗೆ ಹೆಚ್ಚಿತ್ತು. ನನ್ನ ಕಡೆ ತಿರುಗಿ ಏನೋ ಕೇಳಿದಳು. ನನಗೆ ಅರ್ಥವಾಗಲಿಲ್ಲ.

‘ಅಷ್ಟು ದಿನ ಇವ್ಳ ಪಕ್ಕ ಕೂತಿದ್ದು ಅದಕ್ಕೇನಾ ಅಂತ ಕೇಳ್ತಾವಳೆ’ ಎಂದರು ಹೊನ್ನಮ್ಮ.

ಮೊದಲ ದಿನ ಅದಕ್ಕೇ, ಆಮೇಲೆ ಅದಕ್ಕಲ್ಲ ಎಂದು ಹೇಳಬೇಕಿತ್ತು. ಹೊನ್ನಮ್ಮನ ಕೈಯಲ್ಲಿ ಹೇಳಿಸಲು ಮನಸ್ಸಾಗಲಿಲ್ಲ. ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು, ನನಗೆ ಬರುವಷ್ಟು ಸನ್ನೆಗಳನ್ನು ಒಂದಕ್ಕೊಂದು ಸೇರಿಸಿ ಹೇಳಲು ನೋಡಿದೆ. ಮಧ್ಯದಲ್ಲಿ ತಪ್ಪಿತು. ಮತ್ತೆ ಶುರುಮಾಡಿದೆ, ಮತ್ತೆ ಅಲ್ಲೇ ತಪ್ಪಿತು.

ಸವಿತಾ ಎದ್ದು ನನ್ನ ಪಕ್ಕ ಬಂದು ಕೂತಳು. ನನ್ನ ಹೆಬ್ಬೆರಳನ್ನು ಹಿಡಿದು ಸ್ವಲ್ಪ ಒಳಕ್ಕೆ ಮಡಿಸಿದಳು, ಮಣಿಕಟ್ಟನ್ನು ನೆಟ್ಟಗೆ ಮಾಡಿದಳು. ಆಮೇಲೆ ಕೈ ಬಿಟ್ಟು, ಈಗ ಹೇಳಿ ಎನ್ನುವಂತೆ ತಲೆಯಾಡಿಸಿದಳು.